ಮನೆ ಡಾಕ್ಟರಿಗೆ ಪೀಠ ಕೊಡಿಸಿದ ಮೆಕ್‌ವಿನ್ನಿ

'ಬರೀ ಎಂಬಿಬಿಎಸ್ಸಾ?' ಎಂದು ಕೇಳುವ ಮುನ್ನ ತಿಳಿದುಕೊಳ್ಳಬೇಕಾದ ಒಬ್ಬ ವೈದ್ಯರ ಕಥೆ

ಮಗಳು ಎಂಬಿಬಿಎಸ್ ಮುಗಿಸಿದಳು ಎಂದು ತಂದೆ ಹೆಮ್ಮೆಯಿಂದ ಹೇಳುತ್ತಾರೆ. ಎದುರಿಗೆ ಕುಳಿತವರು ಕಾಫಿ ಲೋಟ ಕೆಳಗಿಡುತ್ತ ಕೇಳುವ ಮೊದಲ ಪ್ರಶ್ನೆ: 'ಸಂತೋಷ. ಮುಂದೇನು? ಬರೀ ಎಂಬಿಬಿಎಸ್ ಇಟ್ಟುಕೊಂಡು ಈಗಿನ ಕಾಲದಲ್ಲಿ ಏನು ಮಾಡೋದು?' ಈ ಮಾತು ಕಿವಿಗೆ ಬೀಳದ ವೈದ್ಯ ವಿದ್ಯಾರ್ಥಿ ನಮ್ಮಲ್ಲಿ ಇರಲಾರರು. ಹೃದಯದ ಡಾಕ್ಟರು, ಮೂಳೆ ಡಾಕ್ಟರು, ಮಕ್ಕಳ ಡಾಕ್ಟರು ಎಂದರೆ ಒಂದು ತೂಕ. ಅಜ್ಜಿಯ ಮಂಡಿನೋವಿನಿಂದ ಮೊಮ್ಮಗನ ಕೆಮ್ಮಿನವರೆಗೆ ಎಲ್ಲವನ್ನೂ ನೋಡುವ ಸಾಮಾನ್ಯ ವೈದ್ಯ ಎಂದರೆ, ಪಿ.ಜಿ. ಸೀಟು ಸಿಗದೆ ಉಳಿದುಹೋದವರು ಎಂಬ ಅನುಮಾನ.

ಈ ಅನುಮಾನ ನಮ್ಮ ದೇಶದ್ದು ಮಾತ್ರವಲ್ಲ, ಇಂದು ನಿನ್ನೆಯದೂ ಅಲ್ಲ. 1958ರಲ್ಲಿ ಬ್ರಿಟನ್ನಿನಲ್ಲಿ ವೈದ್ಯರ ಸಂಬಳ ನಿಗದಿಗಾಗಿ ಒಂದು ರಾಯಲ್ ಆಯೋಗ ಕುಳಿತಿತ್ತು. ಚರ್ಚಿಲ್ ಅವರ ಖಾಸಗಿ ವೈದ್ಯರಾಗಿದ್ದ ಲಾರ್ಡ್ ಮೊರಾನ್ ಅದರ ಮುಂದೆ ಸಾಕ್ಷ್ಯ ಹೇಳಲು ಬಂದರು. ಸಾಮಾನ್ಯ ವೈದ್ಯರೂ ಆಸ್ಪತ್ರೆಯ ತಜ್ಞರೂ ಸಮಾನರೇ ಎಂಬ ಪ್ರಶ್ನೆ ಬಂದಾಗ ಅವರು ಅದನ್ನು ಒಪ್ಪಲಿಲ್ಲ. ಇರುವುದು ಒಂದೇ ಏಣಿ, ಅದರಿಂದ ಕೆಳಗೆ ಬಿದ್ದವರು ಸಾಮಾನ್ಯ ವೈದ್ಯರಾಗುತ್ತಾರೆ ಎಂಬ ಅರ್ಥದ ಮಾತಾಡಿದರು. ದೇಶದ ಸಾವಿರಾರು ವೈದ್ಯರಿಗೆ ಈ ಮಾತು ಮುಳ್ಳಿನಂತೆ ಚುಚ್ಚಿತು.

ಅದೇ ಹೊತ್ತಿಗೆ ಶೇಕ್ಸ್‌ಪಿಯರ್ ಹುಟ್ಟಿದ ಊರಾದ ಸ್ಟ್ರಾಟ್‌ಫರ್ಡ್ ಅಪಾನ್ ಏವನ್‌ನಲ್ಲಿ ಮೂವತ್ತೊಂದು, ಮೂವತ್ತೆರಡರ ಹರೆಯದ ವೈದ್ಯರೊಬ್ಬರು ತಂದೆಯ ಜೊತೆ ರೋಗಿಗಳನ್ನು ನೋಡುತ್ತಿದ್ದರು. ಅವರ ಹೆಸರು ಇಯಾನ್ ಮೆಕ್‌ವಿನ್ನಿ. ಏಣಿಯ ಮಾತಿಗೆ ಉತ್ತರ ಹುಡುಕುವುದರಲ್ಲೇ ಅವರ ಮುಂದಿನ ಬದುಕು ಕಳೆಯಿತು ಎನ್ನಬಹುದು. ಆ ಉತ್ತರ ಇಂದಿನ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಬೇಕಾದದ್ದು.

ಬರ್ನ್ಲಿಯ ಋಣ

ಮೆಕ್‌ವಿನ್ನಿ ಹುಟ್ಟಿದ್ದು 1926ರ ಅಕ್ಟೋಬರ್ 11ರಂದು, ಇಂಗ್ಲೆಂಡಿನ ಲ್ಯಾಂಕಾಶೈರಿನ ಬರ್ನ್ಲಿ ಎಂಬ ಗಿರಣಿಗಳ ಊರಿನಲ್ಲಿ. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಈ ಊರಿಗೆ ಆಗಲೇ ಒಂದು ಹೆಸರಿತ್ತು. ಜೇಮ್ಸ್ ಮೆಕೆಂಝಿ ಎಂಬ ಸಾಮಾನ್ಯ ವೈದ್ಯರು 1879ರಿಂದ 1907ರವರೆಗೆ ಅಲ್ಲಿ ರೋಗಿಗಳನ್ನು ನೋಡಿದ್ದರು. ಹೃದಯದ ಕಾಯಿಲೆಯಿದ್ದ ಗರ್ಭಿಣಿಯೊಬ್ಬಳು ಹೆರಿಗೆಯಲ್ಲಿ ತಮ್ಮ ಕಣ್ಣೆದುರೇ ತೀರಿಕೊಂಡದ್ದು ಮೆಕೆಂಝಿಯವರ ಮನಸ್ಸನ್ನು ಕಲಕಿತು. ಯಾವ ಹೃದಯ ತಾಳುತ್ತದೆ, ಯಾವುದು ತಾಳುವುದಿಲ್ಲ ಎಂದು ಮೊದಲೇ ತಿಳಿಯುವುದು ಹೇಗೆ? ಗಡಿಯಾರ ರಿಪೇರಿಯವರೊಬ್ಬರ ನೆರವಿನಿಂದ ನಾಡಿಮಿಡಿತವನ್ನು ಶಾಯಿಯಲ್ಲಿ ಬರೆಯುವ ಪಾಲಿಗ್ರಾಫ್ ಯಂತ್ರ ಮಾಡಿಕೊಂಡರು. ಅವೇ ರೋಗಿಗಳ ನಾಡಿಯನ್ನು ವರ್ಷಗಟ್ಟಲೆ ಬರೆದಿಟ್ಟರು. ಆಗೀಗ ಒಂದು ಮಿಡಿತ ತಪ್ಪುವ ಅನೇಕರು ಯಾವ ತೊಂದರೆಯೂ ಇಲ್ಲದೆ ಬಹುಕಾಲ ಬಾಳುವುದನ್ನು ಕಂಡುಕೊಂಡರು.

ಈ ಶೋಧ ದೊಡ್ಡ ಆಸ್ಪತ್ರೆಯಲ್ಲಿ ಆಗುವಂಥದ್ದಾಗಿರಲಿಲ್ಲ. ಅಲ್ಲಿ ರೋಗಿ ಬರುತ್ತಾನೆ, ಹೋಗುತ್ತಾನೆ. ಇಪ್ಪತ್ತು ವರ್ಷದ ನಂತರ ಅವನೇನಾದ ಎಂದು ತಿಳಿಯುವುದು ಅದೇ ಊರಿನಲ್ಲಿ ಉಳಿದ ವೈದ್ಯನಿಗೆ. ಬಹುಕಾಲ ಜೊತೆಗಿರುವುದರಿಂದಲೇ ಹುಟ್ಟುವ ಒಂದು ಜ್ಞಾನವಿದೆ ಎಂಬುದಕ್ಕೆ ಮೆಕೆಂಝಿ ಸಾಕ್ಷಿಯಾಗಿದ್ದರು. ಆದರೆ ಅವರು ಒಂಟಿ ಸಾಧಕರು. ಆ ಜ್ಞಾನವನ್ನು ಪಾಠವಾಗಿ ಹೇಳಿಕೊಡುವ ವಿಶ್ವವಿದ್ಯಾಲಯ ಇರಲಿಲ್ಲ.

ಅಪ್ಪನ ಜೊತೆ ಹದಿನಾಲ್ಕು ವರ್ಷ

ಮೆಕ್‌ವಿನ್ನಿ ಓದಿದ್ದು ಕೇಂಬ್ರಿಜ್‌ನಲ್ಲಿ, ನಂತರ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ. 1949ರಲ್ಲಿ ವೈದ್ಯರಾದಾಗ ಅವರಿಗೆ ಇಪ್ಪತ್ತೆರಡು ವರ್ಷ. ಅದರ ಹಿಂದಿನ ವರ್ಷವಷ್ಟೇ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಗಿತ್ತು. ಪ್ರತಿಯೊಬ್ಬರೂ ಒಬ್ಬ ಸಾಮಾನ್ಯ ವೈದ್ಯರ ಬಳಿ ಹೆಸರು ಬರೆಸಿಕೊಳ್ಳಬಹುದಿತ್ತು, ಚಿಕಿತ್ಸೆಗೆ ದುಡ್ಡಿಲ್ಲ. ಜನ ನೆರೆದರು. ಆದರೆ ಆ ವೈದ್ಯರಿಗೆ ವಿಶೇಷ ತರಬೇತಿಯಿಲ್ಲ, ಸಂಶೋಧನೆಯಿಲ್ಲ, ಕಾಲೇಜಿನಲ್ಲಿ ಅವರ ಪರವಾಗಿ ಮಾತಾಡುವ ಒಬ್ಬ ಪ್ರಾಧ್ಯಾಪಕರೂ ಇಲ್ಲ. 1950ರಲ್ಲಿ ಆಸ್ಟ್ರೇಲಿಯಾದ ಜೋಸೆಫ್ ಕಾಲಿಂಗ್ಸ್ ಇಂಗ್ಲೆಂಡಿನ ಕ್ಲಿನಿಕ್ಕುಗಳನ್ನು ಸುತ್ತಿ ನೋಡಿ ಬರೆದ ವರದಿ ಬಹಳ ಕಟುವಾಗಿತ್ತು. ತಮ್ಮ ಮಟ್ಟವನ್ನು ತಾವೇ ಎತ್ತಿಕೊಳ್ಳಬೇಕೆಂದು ಸಾಮಾನ್ಯ ವೈದ್ಯರು 1952ರಲ್ಲಿ ತಮ್ಮದೇ ಒಂದು 'ಕಾಲೇಜ್' ಸಂಸ್ಥೆ ಕಟ್ಟಿಕೊಂಡರು.

ಇಂಥ ಕಾಲದಲ್ಲಿ ಮೆಕ್‌ವಿನ್ನಿ ತಜ್ಞರಾಗುವ ದಾರಿ ಬಿಟ್ಟು ಅಪ್ಪನ ಕ್ಲಿನಿಕ್ಕಿಗೆ ಬಂದರು. ಸುಮಾರು ಹದಿನಾಲ್ಕು ವರ್ಷ ಅಲ್ಲಿ ದುಡಿದರು. ಆಸ್ಪತ್ರೆಯಲ್ಲಿ ಕಲಿತದ್ದಕ್ಕೂ ಇಲ್ಲಿ ಕಾಣುವುದಕ್ಕೂ ಇರುವ ಅಂತರ ಅವರಿಗೆ ಬೇಗ ತಿಳಿಯಿತು. ಪಠ್ಯಪುಸ್ತಕದ ಕಾಯಿಲೆ ಮಾಗಿದ ಕಾಯಿಲೆ, ಅದರ ಎಲ್ಲ ಲಕ್ಷಣಗಳೂ ಎದ್ದು ಕಾಣುತ್ತವೆ. ಮನೆ ಡಾಕ್ಟರ ಬಳಿ ಕಾಯಿಲೆ ಇನ್ನೂ ಮೊಳಕೆಯಲ್ಲಿರುವಾಗ ಬರುತ್ತದೆ. 'ಯಾಕೋ ಸುಸ್ತು ಡಾಕ್ಟ್ರೇ' ಎಂಬಷ್ಟೇ ದೂರು. ಅದು ನಿದ್ದೆಗೆಟ್ಟ ಸುಸ್ತೇ, ರಕ್ತಹೀನತೆಯೇ, ಕ್ಯಾನ್ಸರಿನ ಮೊದಲ ಸುಳಿವೇ, ಮನೆಯ ಚಿಂತೆಯೇ? ಇದನ್ನು ಬಿಡಿಸುವುದು ಸುಲಭದ ಕೆಲಸವಲ್ಲ. ಈ ಅನುಭವವನ್ನು ಕ್ರಮವಾಗಿ ಬರೆದಿಟ್ಟು ಅವರು 1964ರಲ್ಲಿ ಕಾಯಿಲೆಯ ಆರಂಭದ ಕುರುಹುಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು.

ಸಾವಿರದಲ್ಲಿ ಒಬ್ಬ

ಈ ಅಂತರವನ್ನು ಅಂಕಿಗಳಲ್ಲಿ ತೋರಿಸಿದ ಅಧ್ಯಯನವೊಂದು 1961ರಲ್ಲಿ ಅಮೆರಿಕದಿಂದ ಬಂದಿತ್ತು. ಕೆರ್ ವೈಟ್ ಮತ್ತು ಸಂಗಡಿಗರು ಒಂದು ಲೆಕ್ಕ ಹಾಕಿದರು. ಸಾವಿರ ಮಂದಿ ವಯಸ್ಕರನ್ನು ತೆಗೆದುಕೊಂಡರೆ, ಒಂದು ತಿಂಗಳಲ್ಲಿ ಸುಮಾರು 750 ಮಂದಿಗೆ ಏನಾದರೊಂದು ಆರೋಗ್ಯದ ತೊಂದರೆ ಆಗುತ್ತದೆ. 250 ಮಂದಿ ವೈದ್ಯರ ಬಳಿ ಹೋಗುತ್ತಾರೆ. ಆಸ್ಪತ್ರೆಗೆ ಸೇರುವವರು ಒಂಬತ್ತು. ಮತ್ತೊಬ್ಬ ವೈದ್ಯರ ಬಳಿಗೆ ಕಳಿಸಲ್ಪಡುವವರು ಐದು. ವೈದ್ಯ ಕಾಲೇಜಿನ ದೊಡ್ಡ ಆಸ್ಪತ್ರೆಯವರೆಗೆ ಹೋಗುವವನು ಒಬ್ಬ.

ವಿದ್ಯಾರ್ಥಿಗಳು ವೈದ್ಯವಿದ್ಯೆ ಕಲಿಯುವುದು ಈ ಒಬ್ಬನ ಹಾಸಿಗೆಯ ಪಕ್ಕದಲ್ಲಿ ನಿಂತು. ಉಳಿದ 249 ಮಂದಿಯ ವಿಷಯ? ಅದನ್ನು ಕಲಿಸುವವರೇ ಇರಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ತಲೆನೋವು ಎಂದರೆ ಮೆದುಳಿನ ಗಡ್ಡೆ ಇದ್ದೀತು ಎಂದು ಮೊದಲು ಯೋಚಿಸುವುದು ಸರಿಯೇ ಇರಬಹುದು. ಬೀದಿಯ ಕ್ಲಿನಿಕ್ಕಿನಲ್ಲೂ ಹಾಗೆಯೇ ಯೋಚಿಸಿದರೆ ರೋಗಿಗೆ ದುಡ್ಡೂ ದಂಡ, ನೆಮ್ಮದಿಯೂ ಹಾಳು. ಹಾಗೆಂದು ಗಡ್ಡೆಯಿರುವ ಆ ಒಬ್ಬ ಅಪರೂಪದ ರೋಗಿಯನ್ನು ಬಿಟ್ಟುಬಿಡುವಂತೆಯೂ ಇಲ್ಲ. ನೂರಾರು ಸಾದಾ ತಲೆನೋವುಗಳ ನಡುವೆ ಸಾದಾ ಅಲ್ಲದ್ದನ್ನು ಗುರುತಿಸುವುದು ಬೇರೆಯೇ ಪರಿಣತಿ.

ನಾಲ್ಕು ಷರತ್ತು

ಮೆಕ್‌ವಿನ್ನಿ ಅಮೆರಿಕದ ವೈದ್ಯಶಿಕ್ಷಣವನ್ನು ನೋಡಿ ಬಂದು 1966ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಸಾಮಾನ್ಯ ವೈದ್ಯವೃತ್ತಿ ಒಂದು ವಿದ್ಯಾಶಾಖೆ ಆಗಬಲ್ಲದೇ ಎಂಬುದು ಅದರ ವಿಷಯ. ಯಾವುದೇ ವಿದ್ಯೆ ವಿಶ್ವವಿದ್ಯಾಲಯದಲ್ಲಿ ಸ್ಥಾನ ಕೇಳಬೇಕಾದರೆ ಅದಕ್ಕೆ ನಾಲ್ಕು ಇರಬೇಕು ಎಂದರು: ಬೇರೆಯವರು ಮಾಡದ ತನ್ನದೇ ಕಾರ್ಯಕ್ಷೇತ್ರ, ತನ್ನದೇ ಜ್ಞಾನರಾಶಿ, ನಡೆಯುತ್ತಿರುವ ಸಂಶೋಧನೆ, ಬುದ್ಧಿಗೆ ಸಾಣೆ ಹಿಡಿಯುವ ತರಬೇತಿ. ನಮ್ಮ ಕೆಲಸಕ್ಕೆ ಗೌರವ ಕೊಡಿ ಎಂದು ಅವರು ಕೈಚಾಚಲಿಲ್ಲ. ಗೌರವ ಬೇಕಾದರೆ ನಾವು ಏನನ್ನು ಕಟ್ಟಬೇಕು ಎಂಬ ಪಟ್ಟಿಯನ್ನು ತಮ್ಮ ವೃತ್ತಿಬಾಂಧವರ ಮುಂದೆಯೇ ಇಟ್ಟರು.

ಎಡಿನ್‌ಬರೋ ವಿಶ್ವವಿದ್ಯಾಲಯ 1963ರಲ್ಲಿ ರಿಚರ್ಡ್ ಸ್ಕಾಟ್ ಅವರನ್ನು ಸಾಮಾನ್ಯ ವೈದ್ಯವೃತ್ತಿಯ ಪ್ರಾಧ್ಯಾಪಕರನ್ನಾಗಿ ಮಾಡಿತ್ತು. ಜಗತ್ತಿನಲ್ಲಿ ಅದು ಇಂಥ ಮೊದಲ ಪೀಠ. ಅದಕ್ಕೆ ಇಟ್ಟ ಹೆಸರು ಬರ್ನ್ಲಿಯ ಜೇಮ್ಸ್ ಮೆಕೆಂಝಿ ಅವರದು. ಐದು ವರ್ಷಗಳ ನಂತರ, ಬರ್ನ್ಲಿಯಲ್ಲೇ ಹುಟ್ಟಿದ ಮೆಕ್‌ವಿನ್ನಿಯವರಿಗೆ ಕೆನಡಾದಿಂದ ಕರೆ ಬಂತು.

ಇನ್ನೊಂದು ಲಂಡನ್

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿಯೂ ಒಂದು ಲಂಡನ್ ಇದೆ. ಅಲ್ಲಿ ಹರಿಯುವ ನದಿಗೂ ಥೇಮ್ಸ್ ಎಂದೇ ಹೆಸರು. ಆ ಊರಿನ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯ 1968ರಲ್ಲಿ ಕುಟುಂಬ ವೈದ್ಯಶಾಸ್ತ್ರದ ವಿಭಾಗ ತೆರೆದು ಮೆಕ್‌ವಿನ್ನಿಯವರನ್ನು ಅದರ ಮುಖ್ಯಸ್ಥರನ್ನಾಗಿ ಕರೆಸಿಕೊಂಡಿತು. ಕೆನಡಾದಲ್ಲಿ ಈ ವಿಷಯದ ಮೊದಲ ಪ್ರಾಧ್ಯಾಪಕರು ಅವರೇ. ಸ್ವಂತ ಊರು, ಅಪ್ಪ ಕಟ್ಟಿದ ಕ್ಲಿನಿಕ್ಕು, ಹೆಸರು ಹಿಡಿದು ಕರೆಯುವ ರೋಗಿಗಳು ಎಲ್ಲವನ್ನೂ ಬಿಟ್ಟು ನಲವತ್ತೊಂದನೆಯ ವಯಸ್ಸಿನಲ್ಲಿ ಹೊಸ ದೇಶಕ್ಕೆ ಹೊರಟರು. ಒಂದೇ ಕಡೆ ಬೇರೂರುವುದೇ ಮನೆ ವೈದ್ಯನ ಬಲ ಎಂದು ನಂಬಿದವರು ತಾವೇ ಬೇರು ಕಿತ್ತುಕೊಂಡು ಹೋಗಬೇಕಾಯಿತು.

ಅಲ್ಲಿ ಕಲಿಕೆಯನ್ನು ಆಸ್ಪತ್ರೆಯ ವಾರ್ಡಿನಿಂದಾಚೆಗೆ, ಜನ ಮೊದಲು ಬರುವ ಕುಟುಂಬ ಚಿಕಿತ್ಸಾ ಕೇಂದ್ರಗಳಿಗೆ ತಂದರು. 1977ರಲ್ಲಿ ವೃತ್ತಿನಿರತ ಕುಟುಂಬ ವೈದ್ಯರಿಗಾಗಿ, ಮುಂದೆ ಪಾಠ ಹೇಳುವವರಿಗಾಗಿ, ಸ್ನಾತಕೋತ್ತರ ಪದವಿ ಆರಂಭವಾಯಿತು. ಅಷ್ಟರಲ್ಲಿ, 1969ರಲ್ಲಿ, ಅಮೆರಿಕವೂ ಕುಟುಂಬ ವೈದ್ಯಕೀಯವನ್ನು ಒಂದು ವಿಶೇಷ ಶಾಖೆಯೆಂದು ಒಪ್ಪಿತ್ತು. 1989ರಲ್ಲಿ ಮೆಕ್‌ವಿನ್ನಿಯವರ ಪಠ್ಯಪುಸ್ತಕ ಆಕ್ಸ್‌ಫರ್ಡ್‌ನಿಂದ ಪ್ರಕಟವಾಗಿ ಹಲವು ಆವೃತ್ತಿಗಳನ್ನು ಕಂಡಿತು. ಕೆನಡಾದ ಕುಟುಂಬ ವೈದ್ಯಶಾಸ್ತ್ರದ ಪಿತಾಮಹ ಎಂದು ಅವರನ್ನು ಕರೆದದ್ದು ಸುಮ್ಮನೆ ಅಲ್ಲ.

'ಇವತ್ತೇ ಏಕೆ ಬಂದರು?'

ಅವರು ಕಲಿಸಿದ್ದಾದರೂ ಏನು? 1972ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬರೆದ ಲೇಖನವೊಂದನ್ನು ನೋಡಿದರೆ ಗೊತ್ತಾಗುತ್ತದೆ. ಈ ರೋಗಿಗೆ ಏನು ಕಾಯಿಲೆ ಎಂದು ಕೇಳುವುದರ ಜೊತೆಗೆ, ಇವರು ಏಕೆ ಬಂದರು, ಇವತ್ತೇ ಏಕೆ ಬಂದರು ಎಂದು ವೈದ್ಯ ಕೇಳಿಕೊಳ್ಳಬೇಕು. ಅದಕ್ಕೆ ಐದು ಬಗೆಯ ಕಾರಣಗಳನ್ನು ಅವರು ಗುರುತಿಸಿದರು. ನೋವು ತಡೆಯಲಾಗದೆ ಬರುವವರು ಒಂದು ಬಗೆ. ನೋವು ಅಷ್ಟೇನಿಲ್ಲ, ಭಯ ತಡೆಯಲಾಗದೆ ಬರುವವರು ಎರಡನೆಯ ಬಗೆ. ಬದುಕಿನ ಕಷ್ಟವೇ ಕಾಯಿಲೆಯ ವೇಷ ಹಾಕಿಕೊಂಡು ಬರುವುದು ಮೂರನೆಯದು. ಸರ್ಟಿಫಿಕೇಟಿನಂಥ ಕಾಗದಪತ್ರಕ್ಕೆ ಬರುವುದು ನಾಲ್ಕನೆಯದು. ಕಾಯಿಲೆ ಇಲ್ಲದೆಯೇ ತಪಾಸಣೆಗೋ ಲಸಿಕೆಗೋ ಬರುವುದು ಐದನೆಯದು.

ಒಂದು ಉದಾಹರಣೆ ಊಹಿಸಿಕೊಳ್ಳಿ. ನಲವತ್ತೈದರ ಒಬ್ಬರು ಎದೆಯಲ್ಲಿ ಚುಳುಕು ಎಂದು ಬರುತ್ತಾರೆ. ಇಸಿಜಿ ಸರಿಯಿದೆ, ರಕ್ತಪರೀಕ್ಷೆ ಸರಿಯಿದೆ. 'ಏನೂ ಇಲ್ಲ, ಹೋಗಿ' ಎಂದರೆ ಅವರು ಹೋಗುತ್ತಾರೆ, ಮುಂದಿನ ವಾರ ಇನ್ನೊಂದು ಆಸ್ಪತ್ರೆಗೆ. ಕಳೆದ ತಿಂಗಳು ಅವರ ಅಣ್ಣ ಹೃದಯಾಘಾತದಿಂದ ತೀರಿಕೊಂಡದ್ದು ಗೊತ್ತಿರುವುದು ಮನೆ ಡಾಕ್ಟರಿಗೆ. ಅಂಥವರು ಪರೀಕ್ಷೆಯನ್ನು ತಪ್ಪಿಸುವುದಿಲ್ಲ. ಪರೀಕ್ಷೆಯ ನಂತರ 'ಅಣ್ಣನ ಯೋಚನೆ ಕಾಡ್ತಾ ಇದೆಯಾ?' ಎಂದು ಕೇಳುತ್ತಾರೆ. ಚಿಕಿತ್ಸೆ ಶುರುವಾಗುವುದು ಆ ಪ್ರಶ್ನೆಯಿಂದ.

ಇದು ಬರೀ ಒಳ್ಳೆಯತನದ ಮಾತಲ್ಲವೇ, ಇದರಲ್ಲಿ ಶಾಸ್ತ್ರ ಎಲ್ಲಿದೆ ಎಂದು ಕೇಳಬಹುದು. ಮೆಕ್‌ವಿನ್ನಿಯವರ ವಿಭಾಗ ಈ ಪ್ರಶ್ನೆಗೂ ಹೆದರಲಿಲ್ಲ. ತಲೆನೋವಿನಿಂದ ಬಂದ ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಿತು. ಯಾರ ತಲೆನೋವು ವಾಸಿಯಾಗಿತ್ತು? ಮೊದಲ ಭೇಟಿಯಲ್ಲಿ ತಮ್ಮ ತಲೆನೋವಿನ ಬಗ್ಗೆ ಪೂರ್ತಿಯಾಗಿ ಹೇಳಿಕೊಳ್ಳಲು ಅವಕಾಶ ಸಿಕ್ಕಿತು ಎಂದು ಅನ್ನಿಸಿದ್ದವರಲ್ಲಿ ವಾಸಿಯಾಗುವ ಸಾಧ್ಯತೆ ಹೆಚ್ಚಾಗಿತ್ತು. ಕಿವಿಗೊಡುವುದೂ ಅಳೆದು ನೋಡಬಹುದಾದ ಚಿಕಿತ್ಸೆ ಎಂದು ಇದರಿಂದ ಗೊತ್ತಾಯಿತು.

ದಕ್ಷಿಣ ಆಫ್ರಿಕದಿಂದ ಬಂದಿದ್ದ ಜೋಸೆಫ್ ಲೆವೆನ್‌ಸ್ಟೈನ್ ಎಂಬ ವೈದ್ಯರು, ಮೋಯಿರಾ ಸ್ಟುವರ್ಟ್, ಜ್ಯೂಡಿತ್ ಬೆಲ್ ಬ್ರೌನ್, ವೇಯ್ನ್ ವೆಸ್ಟನ್ ಮೊದಲಾದವರು ಸೇರಿ ಇದನ್ನು ಕಲಿಸಬಹುದಾದ ಒಂದು ವಿಧಾನವಾಗಿ ರೂಪಿಸಿದರು. ರೋಗಿಗೆ ತನ್ನ ಕಾಯಿಲೆಯ ಬಗ್ಗೆ ಏನನ್ನಿಸುತ್ತಿದೆ, ಏನು ಭಯವಿದೆ, ದಿನದ ಕೆಲಸಕ್ಕೆ ಎಷ್ಟು ಅಡ್ಡಿಯಾಗಿದೆ, ವೈದ್ಯರಿಂದ ಏನು ಬಯಸಿ ಬಂದಿದ್ದಾನೆ ಎಂಬ ನಾಲ್ಕನ್ನೂ ಕೇಳಿ ತಿಳಿಯಬೇಕು. ಇದನ್ನೇ ರೋಗಿಕೇಂದ್ರಿತ ವಿಧಾನ ಎನ್ನುತ್ತಾರೆ. ಇಂದು ಇದು ಅನೇಕ ದೇಶಗಳ ವೈದ್ಯಶಿಕ್ಷಣದ ಭಾಗ.

ಬೇರೆಯಾಗಿರುವುದೇ ಬೆಲೆ

ವಿಭಾಗದ ಮುಖ್ಯಸ್ಥ ಸ್ಥಾನದಲ್ಲಿ ಮೆಕ್‌ವಿನ್ನಿ ಇದ್ದದ್ದು 1987ರವರೆಗೆ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರು ಲಂಡನ್ನಿನ ಪಾರ್ಕ್‌ವುಡ್ ಆಸ್ಪತ್ರೆಯಲ್ಲಿ, ವಾಸಿಯಾಗದ ಕಾಯಿಲೆಯವರ ಕೊನೆಯ ದಿನಗಳನ್ನು ನೋಡಿಕೊಳ್ಳುವ ಘಟಕದ ಹೊಣೆ ಹೊತ್ತಿದ್ದರು. ಗುಣಪಡಿಸಲು ಇನ್ನೇನೂ ಉಳಿದಿಲ್ಲ ಎಂದು ಎಲ್ಲರೂ ಕೈಚೆಲ್ಲಿದ ಮೇಲೂ ವೈದ್ಯನಿಗೆ ಮಾಡಲು ಕೆಲಸವಿದೆ ಎಂಬುದು ಅವರು ಹೇಳಿಕೊಟ್ಟ ಪಾಠಗಳಲ್ಲಿ ಒಂದು. ಕುಟುಂಬ ವೈದ್ಯನ ಬದ್ಧತೆ ವ್ಯಕ್ತಿಗೆ, ಒಂದು ಅಂಗಕ್ಕೋ ಒಂದು ಕಾಯಿಲೆಗೋ ಒಂದು ಯಂತ್ರಕ್ಕೋ ಅಲ್ಲ ಎಂದು ಅವರು ತಮ್ಮ ಪಠ್ಯಪುಸ್ತಕದ ಮೊದಲ ತತ್ವವಾಗಿಯೇ ಬರೆದಿದ್ದರು. ಕಾಯಿಲೆ ಮುಗಿದರೂ, ಔಷಧ ಸೋತರೂ, ಸಂಬಂಧ ಮುಗಿಯುವುದಿಲ್ಲ.

1996ರಲ್ಲಿ ಬ್ರಿಟನ್ನಿನ ಸಾಮಾನ್ಯ ವೈದ್ಯರ ರಾಯಲ್ ಕಾಲೇಜು ಅವರನ್ನು ವಿಲಿಯಂ ಪಿಕಲ್ಸ್ ಉಪನ್ಯಾಸಕ್ಕೆ ಕರೆಯಿತು. ಪಿಕಲ್ಸ್ ಯಾರ್ಕ್‌ಶೈರಿನ ಕಣಿವೆಯೊಂದರ ಹಳ್ಳಿ ಡಾಕ್ಟರು. ಎಲ್ಲ ಮನೆಗಳ ಪರಿಚಯವಿದ್ದುದರಿಂದಲೇ ಯಾವ ಸಾಂಕ್ರಾಮಿಕ ಯಾರಿಂದ ಯಾರಿಗೆ ಎಷ್ಟು ದಿನದಲ್ಲಿ ಹಬ್ಬಿತು ಎಂದು ಪತ್ತೆ ಹಚ್ಚಿದವರು. ಅವರ ಹೆಸರಿನ ಉಪನ್ಯಾಸದಲ್ಲಿ ಮೆಕ್‌ವಿನ್ನಿ ಆರಿಸಿಕೊಂಡ ವಿಷಯ, ಬೇರೆಯಾಗಿರುವುದರ ಮಹತ್ವ. ಕುಟುಂಬ ವೈದ್ಯರು ತಜ್ಞರಂತಾಗಲು ಹೆಣಗಬೇಕಾಗಿಲ್ಲ, ಸಂಬಂಧವನ್ನೇ ತಳಹದಿಯಾಗಿಸಿಕೊಂಡದ್ದು, ದೇಹ ಮನಸ್ಸುಗಳನ್ನು ಬೇರ್ಪಡಿಸದೆ ನೋಡುವುದು ಅವರ ವಿಶೇಷ ಎಂದು ವಾದಿಸಿದರು. ಮೊರಾನ್ ಅವರ ಏಣಿಯ ಮಾತಿಗೆ ಮೂವತ್ತೆಂಟು ವರ್ಷದ ನಂತರ ಸಿಕ್ಕ ಉತ್ತರ ಇದು ಎನ್ನಬಹುದು. ಏಣಿ ಒಂದೇ ಅಲ್ಲ.

ಮೆಕ್‌ವಿನ್ನಿ 2012ರ ಸೆಪ್ಟೆಂಬರ್ 28ರಂದು ತೀರಿಕೊಂಡರು. ಅವರ ವಾದಕ್ಕೆ ಗಟ್ಟಿ ಅಂಕಿಗಳು ಆಮೇಲೂ ಬರುತ್ತಲೇ ಇವೆ. ನಾರ್ವೆ ದೇಶದ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಮನೆ ವೈದ್ಯರನ್ನು ಹೊಂದಿದ್ದವರನ್ನು, ಒಂದು ವರ್ಷವಷ್ಟೇ ಹೊಂದಿದ್ದವರ ಜೊತೆ ಹೋಲಿಸಿದರೆ, ತುರ್ತಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಶೇಕಡಾ 28ರಷ್ಟು, ಸಾವಿನ ಸಾಧ್ಯತೆ ಶೇಕಡಾ 25ರಷ್ಟು ಕಡಿಮೆ ಕಂಡುಬಂತು. ಇಂಥ ಅಧ್ಯಯನದಿಂದ ಇದೇ ಏಕಮಾತ್ರ ಕಾರಣ ಎಂದು ಹೇಳಲು ಬರುವುದಿಲ್ಲ. ಆದರೂ ಕಡೆಗಣಿಸುವ ಅಂಕಿ ಅಲ್ಲ.

ನಮ್ಮ ಮನೆಯ ಪ್ರಶ್ನೆ

ಹಾಗೆಂದು ಎಲ್ಲವೂ ಸುಖಾಂತ್ಯವಾಗಿಲ್ಲ. ಮೆಕ್‌ವಿನ್ನಿ ದುಡಿದ ಕೆನಡಾದಲ್ಲೇ ಇತ್ತೀಚಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಜನಕ್ಕೆ ತಮ್ಮದೇ ಎನ್ನುವ ಕುಟುಂಬ ವೈದ್ಯರಿಲ್ಲ. ದುಡಿಮೆ ಹೆಚ್ಚು, ಕಾಗದದ ಕೆಲಸ ಹೆಚ್ಚು, ತಜ್ಞರಿಗಿಂತ ಸಂಪಾದನೆ ಕಡಿಮೆ. ಮಕ್ಕಳ ಭವಿಷ್ಯ ಯೋಚಿಸುವ ತಂದೆತಾಯಿಗಳ ಆತಂಕ ಸುಳ್ಳಲ್ಲ.

ಆದರೆ ಕುಟುಂಬ ವೈದ್ಯಕೀಯ ಎಂದರೆ ಓದು ನಿಂತುಹೋದ ಜಾಗ ಎಂಬ ತಿಳಿವಳಿಕೆ ಮಾತ್ರ ಸರಿಯಲ್ಲ. ನಮ್ಮ ದೇಶದಲ್ಲೂ ಎಂಬಿಬಿಎಸ್ ನಂತರ ಕುಟುಂಬ ವೈದ್ಯಕೀಯದಲ್ಲಿ ಡಿಎನ್‌ಬಿ ಮಾಡಬಹುದು, ಎಂ.ಡಿ.ಗೂ ಅವಕಾಶವಿದೆ, ಸೀಟುಗಳು ಕಡಿಮೆ ಅಷ್ಟೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಎಂಬಿಬಿಎಸ್ ಪಠ್ಯಕ್ರಮಕ್ಕೆ ಕುಟುಂಬ ದತ್ತು ಕಾರ್ಯಕ್ರಮ ಸೇರಿಸಿತು. ವಿದ್ಯಾರ್ಥಿ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ವಹಿಸಿಕೊಂಡು ಅವರ ಆರೋಗ್ಯವನ್ನು ಗಮನಿಸುತ್ತಾ ಹೋಗಬೇಕು. ಇದನ್ನು ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಶಾಸ್ತ್ರವಾಗಿ ಮುಗಿಸಬಹುದು. ಅಥವಾ ಸಾವಿರದಲ್ಲಿ ಆ ಒಬ್ಬನನ್ನು ಬಿಟ್ಟು ಉಳಿದವರ ಬದುಕು ಹೇಗಿದೆ ಎಂದು ಕಾಣುವ ಕಿಟಕಿಯಾಗಿ ಬಳಸಿಕೊಳ್ಳಬಹುದು.

ಎಲ್ಲರೂ ಕುಟುಂಬ ವೈದ್ಯರೇ ಆಗಬೇಕಿಲ್ಲ. ಹೃದಯ ತೆರೆದು ಸರಿಪಡಿಸುವವರೂ ಬೇಕು. ಆದರೆ ಮುಂದಿನ ಸಲ ಯಾರಾದರೂ ಹುಡುಗಿ 'ನಾನು ಜನರಲ್ ಪ್ರಾಕ್ಟೀಸ್ ಮಾಡ್ತೀನಿ' ಎಂದರೆ, 'ಸೀಟು ಸಿಗಲಿಲ್ಲವಾ?' ಎಂದು ಕೇಳುವ ಮುನ್ನ ನಮ್ಮ ಅಪ್ಪ ಅಮ್ಮಂದಿರ ಕಾಲದ ಮನೆ ಡಾಕ್ಟರನ್ನು ಒಮ್ಮೆ ನೆನೆಯೋಣ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ, ನಾಡಿ ಹಿಡಿಯುವ ಮೊದಲೇ, 'ಅಜ್ಜಿ ಹೇಗಿದ್ದಾರೆ, ರಾತ್ರಿ ನಿದ್ದೆ ಮಾಡ್ತಾರಾ?' ಎಂದು ಕೇಳುತ್ತಿದ್ದವರು. ಅದನ್ನು ನಾವು ಒಳ್ಳೆಯ ಸ್ವಭಾವ ಎಂದುಕೊಂಡಿದ್ದೆವು. ಅದೊಂದು ವಿದ್ಯೆ, ಅದಕ್ಕೆ ವರ್ಷಗಟ್ಟಲೆ ಕಲಿಕೆ ಬೇಕು ಎಂದು ತೋರಿಸಿಕೊಟ್ಟವರು ಮೆಕ್‌ವಿನ್ನಿ.